ಹೆರಾಲ್ಡ್ ಕಾರಿನ ಹಿಂಬದಿಯ ಅಚ್ಚು: ಒಂದು ಟಿಪ್ಪಣಿ

ಬೇಗೂರಿನ ಹಾದಿಗಳಲ್ಲಿ ಓಡಾಡಿದ ಎತ್ತಿನ ಗಾಡಿಗೆ ಅಚ್ಚು ಒಂದೇ. ಒಂದು ಗಾಲಿ ಕಲ್ಲನ್ನೇರಿದರೆ ಇನ್ನೊಂದೂ ವಾಲುವುದು. ಹಳೆಯ ಮೋಟಾರುಗಳಲ್ಲಿ ಬಹುಪಾಲಿನ ಹಿಂಬದಿಯೂ ಇದೇ ಕ್ರಮದ್ದು. 1961ರಿಂದ ಮದರಾಸಿನಲ್ಲಿ ಸಿದ್ಧವಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇದಕ್ಕೆ ಅಪವಾದ. ಅದರ ಹಿಂಗಾಲಿಗಳಿಗೆ ಬೇರೆ ಬೇರೆ ಅರೆಯಚ್ಚುಗಳು. ಅಡ್ಡಲಾಗಿಟ್ಟ ಪಟ್ಟಿ ಸ್ಪ್ರಿಂಗೊಂದು ಭಾರವನ್ನು ಹೊರುತ್ತಿತ್ತು. ಕುಲುಕಾಟ ಒಂದೇ ಪಾರ್ಶ್ವದಲ್ಲಿ ಉಳಿಯುವುದು ಇದರ ಗುಣ. ವೇಗದ ತಿರುವಿನಲ್ಲಿ ಹೊರಗಾಲಿಯ ಬುಡ ಒಳಕ್ಕೆ ಸರಿದು ಹಿಡಿತ ತಪ್ಪುವುದು ದೋಷ.

ಇಂಗ್ಲೆಂಡಿನ ಟ್ರಯಂಫ್ ಸಂಸ್ಥೆ 1970ರ ಸ್ಪಿಟ್‌ಫೈರ್ ಕಾರಿನಲ್ಲಿ ಸ್ಪ್ರಿಂಗಿನ ಜೋಡಣೆಯನ್ನು ತಿದ್ದಿ ಸ್ವತಂತ್ರ ವ್ಯವಸ್ಥೆಯನ್ನೇ ಉಳಿಸಿಕೊಂಡಿತು. ಮದರಾಸಿನವರು 1972ರ ಗೆಜೆಲ್‌ನಲ್ಲಿ ಇಡಿಯಚ್ಚಿಗೆ ಮರಳಿದರು. ಇದನ್ನು ಬರಿಯ ಹಿನ್ನಡೆಯೆಂದು ಬಗೆಯುವುದು ಸಮಂಜಸವಲ್ಲ. ಇಡಿಯಚ್ಚು ಗಾಲಿಗಳನ್ನು ನೆಟ್ಟಗೆ ನಿಲ್ಲಿಸುತ್ತದೆ. ಮನೆಯಂಗಳದಲ್ಲಿ ಅದನ್ನು ಕಳಚಿ ಸ್ವತಂತ್ರ ಜೋಡಣೆ ಕೂರಿಸಬಯಸುವವರು ಗಾಲಿಯ ನಿಲುವನ್ನು ಕಾಯುವ ಹೊಣೆಯನ್ನೂ ಹೊರಬೇಕೆಂಬುದು ಈ ಇತಿಹಾಸದಿಂದ ವಿದಿತವಾಗುತ್ತದೆ.