ಕಾಲಿಗೆ ತಕ್ಕ ಬೂಟು

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದರು ನಮ್ಮ ಹಿರಿಯರು. ಸಂಸಾರಸ್ಥನಿಗೆ ಇದು ಹಿತವಚನವೇ ಸರಿ. ಆದರೆ ಪರ್ವತವನ್ನೇರುವವನು ಈ ಗಾದೆಯನ್ನು ತಿರುವಿ ಓದಬೇಕಾಗುತ್ತದೆ. ಅಲ್ಲಿ ಬೂಟಿಗೆ ಕಾಲು ಹೊಂದಿಕೊಂಡರೆ ಸಾಲದು, ಕಾಲಿಗೆ ಬೂಟು ಹೊಂದಬೇಕು. ಪರ್ವತಾರೋಹಣದ ಚರಿತ್ರೆಯನ್ನು ಶಿಖರಗಳ ಕಡೆಯಿಂದ ಬರೆದವರು ಅನೇಕರು. ನಾನಿಲ್ಲಿ ಅದನ್ನು ಪಾದಗಳ ಕಡೆಯಿಂದ ನೋಡಲು ಬಯಸುತ್ತೇನೆ.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಪರ್ವತಾರೋಹಿಯ ಬೂಟೆಂದರೆ ದಪ್ಪ ಚರ್ಮ, ಅಟ್ಟೆಗೆ ಬಡಿದ ಕಬ್ಬಿಣದ ಮೊಳೆಗಳು. ಮೊಳೆ ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುತ್ತಿತ್ತು, ನಿಜ. ಆದರೆ ಲೋಹವು ಶೀತವನ್ನು ಪಾದಕ್ಕೆ ಸಾಗಿಸುತ್ತಿತ್ತು, ಬೂಟಿನ ಭಾರವನ್ನೂ ಹೆಚ್ಚಿಸುತ್ತಿತ್ತು. 1924ರಲ್ಲಿ ಎವರೆಸ್ಟಿನ ಮೇಲೆ ಕಣ್ಮರೆಯಾದ ಮ್ಯಾಲೊರಿ ಮತ್ತು ಅರ್ವಿನ್ ಧರಿಸಿದ್ದು ಇಂಥವನ್ನೇ. ನೂರು ವರ್ಷಗಳ ಬಳಿಕ, 2024ರಲ್ಲಿ, ರೊಂಗ್‌ಬುಕ್ ಹಿಮನದಿಯಲ್ಲಿ ಮೊಳೆಯ ಬೂಟೊಂದು ದೊರೆಯಿತು. ಅದರೊಳಗಿನ ಪಾದದ ಕಾಲುಚೀಲದಲ್ಲಿ ಅರ್ವಿನ್‌ನ ಹೆಸರು ಹೊಲಿದಿತ್ತು.

ಮೊಳೆಯ ಯುಗವು ಮುಗಿಯಲು ಒಂದು ದುರಂತ ಕಾರಣವಾಯಿತು. 1935ರಲ್ಲಿ ಇಟಲಿ ಮತ್ತು ಸ್ವಿಟ್ಸರ್ಲೆಂಡ್ ಗಡಿಯ ಪುಂತಾ ರಾಸಿಕಾ ಶಿಖರದಲ್ಲಿ ಆರು ಮಂದಿ ಆರೋಹಿಗಳು ಮಡಿದರು. ಬಂಡೆಯೇರಲು ಅನುಕೂಲವೆಂದು ಅವರು ಹಗುರವಾದ ಮೆದು ಅಟ್ಟೆಯ ಪಾದರಕ್ಷೆ ತೊಟ್ಟಿದ್ದರು. ಹಿಮಬಿರುಗಾಳಿ ಬೀಸಿದಾಗ ಅವು ಚಳಿಯನ್ನೂ ತಡೆಯಲಿಲ್ಲ, ಹಿಡಿತವನ್ನೂ ಕೊಡಲಿಲ್ಲ. ಅವರ ಸಂಗಡಿಗನಾಗಿದ್ದ ವಿತಾಲೆ ಬ್ರಮಾನಿ ಈ ಸಾವುಗಳನ್ನು ಮರೆಯಲಿಲ್ಲ. ಬಂಡೆಗೂ ಹಿಮಕ್ಕೂ ಒಗ್ಗುವ, ಆಳವಾದ ಗೀರುಗಳುಳ್ಳ ರಬ್ಬರಿನ ಅಟ್ಟೆಯನ್ನು ಪಿರೆಲ್ಲಿ ಕಂಪನಿಯ ನೆರವಿನಿಂದ 1937ರಲ್ಲಿ ರೂಪಿಸಿದನು. ಅವನ ಹೆಸರಿನ ಅಕ್ಷರಗಳಿಂದಲೇ ಮೂಡಿದ 'ವಿಬ್ರಮ್' ಇಂದಿಗೂ ಬೂಟುಗಳ ತಳದಲ್ಲಿ ಕಾಣುತ್ತದೆ. 1954ರಲ್ಲಿ ಕೆ2 ಶಿಖರವನ್ನು ಮೊದಲು ಮುಟ್ಟಿದ ಇಟಲಿಯ ತಂಡ ಬಳಸಿದ್ದು ಈ ಅಟ್ಟೆಯನ್ನೇ.

1950ರಲ್ಲಿ ಅನ್ನಪೂರ್ಣಾ ಶಿಖರವನ್ನೇರಿದ ಫ್ರಾನ್ಸಿನ ಎರ್ಜೋಗ್ ಮತ್ತು ಲಾಶೆನಾಲ್ ಹಿಮಕಡಿತದಿಂದ ಕಾಲ್ಬೆರಳುಗಳನ್ನು ಕಳೆದುಕೊಂಡರು. ಬಹುಶಃ ಈ ಪಾಠದಿಂದಲೇ 1953ರ ಬ್ರಿಟಿಷ್ ಎವರೆಸ್ಟ್ ತಂಡ ಬೂಟಿನ ಕಡೆಗೆ ವಿಶೇಷ ಗಮನ ಕೊಟ್ಟಿತು. ಸಾಟ್ರಾ ಎಂಬ ಪಾದರಕ್ಷಾ ಸಂಶೋಧನಾ ಸಂಸ್ಥೆಯು ತೆಳುಚರ್ಮದ ಪದರಗಳ ನಡುವೆ ಕಪೋಕ್ ನಾರು ತುಂಬಿ ಬೂಟುಗಳನ್ನು ಸಿದ್ಧಪಡಿಸಿತು. ಕಪೋಕ್ ಎಂದರೆ ನಮ್ಮ ಬೂರುಗದ ಹತ್ತಿಯ ಬಂಧು! ಆದರೂ ಮೇ 29ರ ಬೆಳಗ್ಗೆ ಹಿಲರಿಯ ಬೂಟುಗಳು ಹೆಪ್ಪುಗಟ್ಟಿ ಕಲ್ಲಾಗಿದ್ದವು. ಸ್ಟವ್ವಿನ ಉರಿಗೆ ಹಿಡಿದು ಮೆದುಗೊಳಿಸಿದ ಮೇಲಷ್ಟೇ ಅವರು ತೇನ್‌ಸಿಂಗರೊಡನೆ ಹೊರಡಲು ಸಾಧ್ಯವಾಯಿತು.

ಇಷ್ಟಾದರೂ ಅಳತೆ ತಪ್ಪಿದರೆ ಎಂಥ ಬೂಟೂ ವ್ಯರ್ಥ. ಬಿಗಿಯಾದ ಬೂಟು ರಕ್ತಸಂಚಾರವನ್ನು ತಡೆಯುತ್ತದೆ. ರಕ್ತವು ತಲುಪದ ಬೆರಳೇ ಮೊದಲು ಮರಗಟ್ಟುತ್ತದೆ. ನನ್ನ ವಿದ್ಯಾರ್ಥಿದೆಸೆಯಲ್ಲಿ ಕವಾಯತಿಗೆ ಕೊಡುತ್ತಿದ್ದ ಬೂಟುಗಳ ರಾಶಿಯಲ್ಲಿ ಸರದಿಗೆ ಸಿಕ್ಕಿದ್ದೇ ಅಳತೆ. ದೊಡ್ಡದಾದರೆ ತುದಿಗೆ ಬಟ್ಟೆ ತುರುಕುತ್ತಿದ್ದೆವು, ಚಿಕ್ಕದಾದರೆ ಹಲ್ಲುಕಚ್ಚಿ ಸಹಿಸುತ್ತಿದ್ದೆವು. ಬಯಲಿನಲ್ಲಿ ಅದಕ್ಕೆ ತೆರುವ ಬೆಲೆ ಒಂದು ಬೊಕ್ಕೆ. ಹಿಮದಲ್ಲಿ ಒಂದು ಬೆರಳು.

ಹಿಮಾಲಯದ ಚಾರಣಕ್ಕೆ ಹೊರಡುವ ನಮ್ಮ ತರುಣ ತರುಣಿಯರಿಗೆ ಈ ಮೇಷ್ಟರದು ಇಷ್ಟೇ ವಿನಂತಿ. ನಡೆದು ಪಾದಗಳು ತುಸು ಉಬ್ಬಿರುವ ಸಂಜೆಯ ಹೊತ್ತಿನಲ್ಲಿ ಬೂಟು ಕೊಳ್ಳಿರಿ. ಬೆಟ್ಟದಲ್ಲಿ ತೊಡುವ ದಪ್ಪ ಕಾಲುಚೀಲವನ್ನೇ ತೊಟ್ಟು ಪರೀಕ್ಷಿಸಿರಿ. ಏರುವಾಗ ಹಿಮ್ಮಡಿ ಮೇಲೇಳಬಾರದು, ಇಳಿಯುವಾಗ ಬೆರಳು ತುದಿಗೆ ತಾಗಬಾರದು. ಊರಿನಲ್ಲಿಯೇ ಕೆಲವು ವಾರ ತೊಟ್ಟು ನಡೆದು ಪಳಗಿಸಿರಿ. ಅಂಗಡಿಯಲ್ಲಿ ಅಂದಕ್ಕೆ ಮರುಳಾಗುವ ಮುನ್ನ ಪಾದರಕ್ಷೆಯೆಂಬ ಪದವನ್ನೊಮ್ಮೆ ಬಿಡಿಸಿ ನೋಡಿರಿ. ಅದು ಅಲಂಕಾರವಲ್ಲ, ರಕ್ಷೆ.