ವಿದ್ಯುತ್ ಕೈಯ ಖರ್ಚು ಯಾರ ಲೆಕ್ಕಕ್ಕೆ?

ಪೀಣ್ಯದ ಕಾರ್ಖಾನೆಗಳಲ್ಲಿ ಲೇತ್, ಮಿಲ್ಲಿಂಗ್ ಯಂತ್ರಗಳ ಜೊತೆ ಕೆಲಸ ಕಲಿತವರಿಗೆ ಶ್ಲೆಸಿಂಗರ್ ಅನ್ನೋ ಹೆಸರು ಹೊಸದಲ್ಲ. ಸ್ಪಿಂಡಲ್ ಎಷ್ಟು ಓಲಾಡುತ್ತೆ, ಬೆಡ್ ಎಷ್ಟು ನೇರ ಇದೆ ಅಂತ ಡಯಲ್ ಇಟ್ಟು ನೋಡುವ ಪರೀಕ್ಷೆಗಳನ್ನು 1927ರಲ್ಲಿ ಪುಸ್ತಕವಾಗಿ ತಂದವರು ಅವರು. ನಾನೂ ಆ ಚಾರ್ಟುಗಳನ್ನು ಬಾಯಿಪಾಠ ಮಾಡಿ ಪಾಸಾದವನೇ. ಇದೇ ಗೇಯಾರ್ಗ್ ಶ್ಲೆಸಿಂಗರ್ ಯಂತ್ರಗಳಷ್ಟೇ ಶ್ರದ್ಧೆಯಿಂದ ಕೃತಕ ಕೈಗಳನ್ನೂ ಪರೀಕ್ಷೆ ಮಾಡಿದ್ದರು ಅನ್ನೋದು ಗೊತ್ತಾಗಿದ್ದು ಜರ್ಮನಿಗೆ ಬಂದ ಮೇಲೆ.

ಮೊದಲ ಮಹಾಯುದ್ಧದಲ್ಲಿ ಹತ್ತಾರು ಸಾವಿರ ಜರ್ಮನ್ ಸೈನಿಕರು ಕೈಯೋ ಕಾಲೋ ಕಳೆದುಕೊಂಡು ಊರಿಗೆ ಮರಳಿದರು. ಅವರಿಗೆ ಬರೀ ಪಿಂಚಣಿ ಕೊಟ್ಟು ಕೂರಿಸುವ ಬದಲು ಕೆಲಸಕ್ಕೆ ವಾಪಸ್ ಕಳಿಸುವುದು ಸರ್ಕಾರಕ್ಕೆ ಬೇಕಿತ್ತು. 1915ರಲ್ಲಿ ಬರ್ಲಿನ್ನಿನ ಶಾರ್ಲೊಟೆನ್‌ಬುರ್ಗ್‌ನಲ್ಲಿ ಕೃತಕ ಅಂಗಗಳ ಪರೀಕ್ಷಾ ಕೇಂದ್ರ ಶುರುವಾಯಿತು. ಶ್ಲೆಸಿಂಗರ್ ಅದರ ಮುಖ್ಯಸ್ಥರು. 1919ರಲ್ಲಿ ಹೊರಬಂದ ದಪ್ಪ ಗ್ರಂಥದಲ್ಲಿ ಅವರು ಮನುಷ್ಯನ ಹಿಡಿತವನ್ನು ಆರು ಬಗೆಯಾಗಿ ವಿಂಗಡಿಸಿದರು. ನಮ್ಮ ಮನೆಯ ಲೆಕ್ಕದಲ್ಲಿ ಹೇಳೋದಾದ್ರೆ ಲೋಟ ಹಿಡಿಯೋದು, ಸೂಜಿ ಹಿಡಿಯೋದು, ಪೆನ್ನು ಹಿಡಿಯೋದು, ಉಂಡೆ ಹಿಡಿಯೋದು, ಬೀಗದ ಕೈ ಹಿಡಿಯೋದು, ಬಕೆಟ್ ಎತ್ತೋದು. ಇವತ್ತಿಗೂ ಕೃತಕ ಕೈ ಮಾಡುವ ಎಂಜಿನಿಯರುಗಳು ಈ ಆರರಿಂದಲೇ ಮಾತು ಶುರು ಮಾಡ್ತಾರೆ. ಯಹೂದಿಯಾದ ಶ್ಲೆಸಿಂಗರ್ ಅವರನ್ನು 1933ರಲ್ಲಿ ಜೈಲಿಗೆ ಹಾಕಿದರು. ಆಮೇಲೆ ದೇಶ ಬಿಟ್ಟ ಅವರು 1949ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು.

ಅದೇ ಕಾಲದಲ್ಲಿ ಫರ್ಡಿನಾಂಡ್ ಸಾವರ್‌ಬ್ರುಖ್ ಎಂಬ ಶಸ್ತ್ರವೈದ್ಯರು ಇನ್ನೊಂದು ದಾರಿ ಹಿಡಿದಿದ್ದರು. ಉಳಿದ ತೋಳಿನ ಸ್ನಾಯುವಿನೊಳಗೆ ಚರ್ಮದ ಸುರಂಗ ಮಾಡಿ, ಅದರಲ್ಲಿ ದಂತದ ಕಡ್ಡಿ ತೂರಿಸಿ, ಆ ಕಡ್ಡಿಯಿಂದ ಕೃತಕ ಬೆರಳುಗಳನ್ನು ಎಳೆಸುತ್ತಿದ್ದರು. ಅಲ್ಲಿ ಹಿಡಿತದ ಬಲವೆಲ್ಲ ಸ್ನಾಯುವಿನದೇ. ಬಲ ಬ್ಯಾಟರಿಯದ್ದಾಗಿ, ಸ್ನಾಯು ಬರೀ ಅಪ್ಪಣೆ ಕೊಡುವ ಕೈ ಬರಬೇಕಾದರೆ ಇನ್ನೊಂದು ಯುದ್ಧ ಕಳೆಯಬೇಕಾಯಿತು.

ಆ ಅಪ್ಪಣೆ ಎಂಥದ್ದು ಅಂತ ನಿಮ್ಮ ಕೈಯಲ್ಲೇ ನೋಡಬಹುದು. ಎಡಗೈಯಿಂದ ಬಲ ಮುಂಗೈ ಹಿಡಿದು ಬಲ ಮುಷ್ಟಿ ಬಿಗಿ ಮಾಡಿ. ಬೆರಳು ಮಡಿಸುವ ಸ್ನಾಯುಗಳು ಇರುವುದು ಹೆಚ್ಚಾಗಿ ಅಲ್ಲೇ, ಮೊಣಕೈ ಹತ್ತಿರ. ಹಾಗಾಗಿ ಅಂಗೈ ಹೋದರೂ ಅಪ್ಪಣೆ ಹೋಗುವುದಿಲ್ಲ. ಸ್ನಾಯು ಬಿಗಿಯಾದಾಗ ಚರ್ಮದ ಮೇಲೆ ಅತಿ ಸಣ್ಣ ವೋಲ್ಟೇಜ್ ಕಾಣಿಸುತ್ತದೆ, ಮಿಲಿವೋಲ್ಟಿನ ಲೆಕ್ಕದ್ದು, ಎಷ್ಟೋ ಸಲ ಅದಕ್ಕೂ ಕಡಿಮೆ. ಸುತ್ತಲಿನ ಕರೆಂಟಿನ 50 ಹರ್ಟ್ಸ್ ಗುಂಯ್ ಸದ್ದು ಅದನ್ನು ಸುಲಭವಾಗಿ ಮುಳುಗಿಸಿಬಿಡುತ್ತೆ. ಅದಕ್ಕೇ ಎರಡು ಎಲೆಕ್ಟ್ರೋಡ್ ಇಟ್ಟು, ಎರಡಕ್ಕೂ ಸಮಾನವಾಗಿ ಬಂದದ್ದನ್ನು ಕಳೆದು, ಉಳಿದದ್ದನ್ನು ಸಾವಿರಾರು ಪಟ್ಟು ಹಿಗ್ಗಿಸುತ್ತಾರೆ. ಮುಂಗೈಯ ಒಳಭಾಗದ ಸ್ನಾಯು ಬಿಗಿಯಾದರೆ ಕೈ ಮುಚ್ಚುತ್ತೆ, ಹೊರಭಾಗದ್ದು ಬಿಗಿಯಾದರೆ ತೆರೆಯುತ್ತೆ. ಮೂಲ ಉಪಾಯ ಇಷ್ಟೇ.

ಇದನ್ನು ಮೊದಲು ಮಾಡಿ ತೋರಿಸಿದ್ದು ಮ್ಯೂನಿಕ್‌ನ ಭೌತಶಾಸ್ತ್ರ ವಿದ್ಯಾರ್ಥಿ ರೈನ್‌ಹೋಲ್ಡ್ ರೈಟರ್, 1940ರ ದಶಕದಲ್ಲಿ. ಬಾಂಬು ಬಿದ್ದು ಅರ್ಧ ಊರೇ ಕುಸಿದಿದ್ದ ಕಾಲ. ಆಗ ಬಳಕೆಯಲ್ಲಿದ್ದ ಹ್ಯೂಫ್ನರ್ ಯಾಂತ್ರಿಕ ಕೈಯನ್ನೇ ಮಾರ್ಪಡಿಸಿ, ಒಳಗೆ ವಿದ್ಯುತ್ಕಾಂತ ಕೂರಿಸಿ, ಹೊರಗೆ ವಾಲ್ವಿನ ಆಂಪ್ಲಿಫೈಯರ್ ಇಟ್ಟರು. ನಮ್ಮ ಅಜ್ಜನ ಕಾಲದ ವಾಲ್ವ್ ರೇಡಿಯೊ ನೆನಪಿಸಿಕೊಳ್ಳಿ. ಅಂಥದ್ದನ್ನು ಹೊತ್ತುಕೊಂಡು ಪೇಟೆ ಸುತ್ತೋಕಾಗಲ್ಲ. ಅದಕ್ಕೇ ಅವರು ಅದನ್ನು ಕಾರ್ಖಾನೆಯಲ್ಲಿ ಒಂದೇ ಕಡೆ ನಿಂತು ಕೆಲಸ ಮಾಡುವ ಕಾರ್ಮಿಕನಿಗೆಂದು ಯೋಚಿಸಿದ್ದರು. ಅಂದ್ರೆ ಸ್ನಾಯುವಿನ ಮಾತು ಕೇಳುವ ಮೊದಲ ಕೈ ನಮ್ಮಂಥ ಪಾಳಿ ಕೆಲಸದವರಿಗಾಗಿ ಹುಟ್ಟಿದ್ದು. ರೈಟರ್ ಲೇಖನ 1948ರಲ್ಲಿ ಅಚ್ಚಾಯಿತು. ಆ ವರ್ಷ ಜೂನ್ 20ಕ್ಕೆ ಪಶ್ಚಿಮ ಜರ್ಮನಿಯಲ್ಲಿ ಹಳೆಯ ಮಾರ್ಕ್ ಹೋಗಿ ಹೊಸ ಮಾರ್ಕ್ ಬಂತು, ಎಲ್ಲರ ಕೈಯೂ ಖಾಲಿ. ಆ ಕೈ ಮಾರುಕಟ್ಟೆಗೆ ಬರಲೇ ಇಲ್ಲ. ಲೇಖನವನ್ನೂ ಹೆಚ್ಚು ಜನ ಓದಲಿಲ್ಲ. 1955ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯವರು ಇದೇ ವಿಚಾರವನ್ನು ಮತ್ತೆ ಹೊಸದಾಗಿ ಕಂಡುಹಿಡಿದರು.

ನನಗೆ ಈ ಚರಿತ್ರೆಯಲ್ಲಿ ಕಾಣೋದು ಇದೇ. ಬುದ್ಧಿಗೆ ಎಂದೂ ಬರ ಇರಲಿಲ್ಲ, ದುಡ್ಡು ಹಾಕುವವರು ಬಂದಾಗ ಮಾತ್ರ ಕೈ ಮುಂದೆ ಹೋಯಿತು. 1960ರಲ್ಲಿ ಮಾಸ್ಕೋದ ಅಲೆಕ್ಸಾಂಡರ್ ಕೋಬ್ರಿನ್‌ಸ್ಕಿ ತಂಡ ವಾಲ್ವ್ ಬಿಟ್ಟು ಟ್ರಾನ್ಸಿಸ್ಟರ್ ಬಳಸಿತು. ಬ್ಯಾಟರಿ ಸೊಂಟದ ಪಟ್ಟಿಗೆ ಬಂತು. ಆ ವರ್ಷ ಮಾಸ್ಕೋದಲ್ಲಿ ನಡೆದ ನಿಯಂತ್ರಣ ಶಾಸ್ತ್ರದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಕೈಯಿಲ್ಲದ ಹುಡುಗನೊಬ್ಬ ಆ ಕೈಯಲ್ಲಿ ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ ಬರೆದು ತೋರಿಸಿದ. ಅಲ್ಲಿ ಖರ್ಚು ಸೋವಿಯತ್ ಸರ್ಕಾರದ್ದು. ಆಮೇಲೆ ಬ್ರಿಟನ್, ಕೆನಡಾ ಅದರ ಹಕ್ಕು ಕೊಂಡವು.

ಕೆನಡಾಕ್ಕೆ ಅದು ಬೇಕಾದದ್ದಕ್ಕೆ ದುಃಖದ ಕಾರಣವಿತ್ತು. ಥಾಲಿಡೊಮೈಡ್ ಎಂಬ ಮಾತ್ರೆಯನ್ನು ಗರ್ಭಿಣಿಯರು ನುಂಗಿದ್ದರಿಂದ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದರು. ಜರ್ಮನಿಯಲ್ಲಿ ಕೊಂಟೆರ್ಗಾನ್ ಹೆಸರಲ್ಲಿ ಮಾರುತ್ತಿದ್ದ ಆ ಮಾತ್ರೆಯನ್ನು 1961ರ ನವೆಂಬರಿನಲ್ಲಿ ಹಿಂತೆಗೆದರು. ಕೆನಡಾದಲ್ಲಿ 1962ರವರೆಗೂ ಇತ್ತು. ಆಮೇಲೆ ಸರ್ಕಾರಗಳು ಕೃತಕ ಕೈ ಸಂಶೋಧನೆಗೆ ಹಣ ಬಿಚ್ಚಿದವು. 1965ರಲ್ಲಿ ಕೆನಡಾದ ಫ್ರೆಡರಿಕ್ಟನ್ ಊರಿನ ವಿಶ್ವವಿದ್ಯಾಲಯದಲ್ಲಿ ಇದಕ್ಕೇ ಒಂದು ಸಂಸ್ಥೆ ಶುರುವಾಯಿತು.

ಅಮೆರಿಕದಲ್ಲಿ ಇನ್ನೂ ನೇರ ಲೆಕ್ಕ. 1968ರ ಹೊತ್ತಿಗೆ ರೂಪುಗೊಂಡ ಬಾಸ್ಟನ್ ತೋಳಿನ ಹಿಂದೆ ಎಂಐಟಿ, ಹಾರ್ವರ್ಡ್ ಜೊತೆ ಲಿಬರ್ಟಿ ಮ್ಯೂಚುಯಲ್ ಎಂಬ ವಿಮಾ ಕಂಪನಿ ಇತ್ತು. ತೋಳು ಕಳೆದುಕೊಂಡ ಕಾರ್ಮಿಕನಿಗೆ ಪರಿಹಾರ ಕಟ್ಟಿಕೊಡಬೇಕಾದ ಕಂಪನಿಯೇ ಅದು! ಅದೇ ದಶಕದಲ್ಲಿ ಜರ್ಮನಿಯ ಡುಡರ್‌ಸ್ಟಾಟ್‌ನ ಒಟ್ಟೊ ಬಾಕ್ ಕಂಪನಿ ವಿಯೆನ್ನಾದ ಕಿವಿಯಂತ್ರ ತಯಾರಕರ ಜೊತೆ ಸೇರಿ ವಿದ್ಯುತ್ ಕೈಯನ್ನು ಅಂಗಡಿ ಮಾಲಿನ ಮಟ್ಟಕ್ಕೆ ತಂದಿತು. ಕಿವಿಯಂತ್ರದವರಿಗೆ ಸಣ್ಣ ಸಂಕೇತ ಹಿಗ್ಗಿಸೋದು ಗೊತ್ತಿತ್ತು ನೋಡಿ.

ಆದರೆ ಎರಡು ಸ್ನಾಯು, ಎರಡು ಅಪ್ಪಣೆ ಅನ್ನೋ ಮಿತಿ ಹಾಗೇ ಉಳಿಯಿತು. 2007ರಲ್ಲಿ ಸ್ಕಾಟ್ಲೆಂಡಿನಿಂದ ಬಂದ ಐ-ಲಿಂಬ್ ಕೈಯಲ್ಲಿ ಐದು ಬೆರಳಿಗೂ ಬೇರೆ ಬೇರೆ ಮೋಟರ್ ಇತ್ತು. ಅಪ್ಪಣೆ ಮಾತ್ರ ಹಳೆಯ ಎರಡೇ. ಹಿಡಿತ ಬದಲಿಸಲು ಎರಡೂ ಸ್ನಾಯು ಒಟ್ಟಿಗೆ ಬಿಗಿ ಮಾಡುವಂಥ ಸನ್ನೆ ಕಲಿಯಬೇಕು. ಮುಂಗೈ ಸುತ್ತ ಹಲವು ಸೆನ್ಸರ್ ಕಟ್ಟಿ, ಅವುಗಳ ಒಟ್ಟು ವಿನ್ಯಾಸ ನೋಡಿ ಯಾವ ಹಿಡಿತ ಬೇಕೆಂದು ಗಣಕವೇ ಊಹಿಸುವುದು ಇನ್ನೊಂದು ದಾರಿ. ಆ ಊಹೆಯ ಕೆಲಸದಲ್ಲಿ ದಾರಿ ತೋರಿಸಿದ ಲೇಖನ 1993ರಲ್ಲಿ ಬಂದಿದ್ದು ಅದೇ ಫ್ರೆಡರಿಕ್ಟನ್‌ನಿಂದ. ಪ್ರಯೋಗಾಲಯದಲ್ಲಿ ಚೆನ್ನಾಗಿ ನಡೆಯುತ್ತೆ. ಹೊರಗೆ ಕೈ ಬೆವರಿದರೆ, ಸಾಕೆಟ್ ಸ್ವಲ್ಪ ಜರುಗಿದರೆ, ತೋಳು ಎತ್ತಿದರೆ ಸಂಕೇತವೇ ಬದಲು. ಕೆನಡಾದ ಇನ್ನೊಂದು ಕಂಪನಿ ಎಂಟು ಸೆನ್ಸರಿನ ಮಯೋ ಎಂಬ ಪಟ್ಟಿಯನ್ನು ಕಂಪ್ಯೂಟರನ್ನು ಸನ್ನೆಯಿಂದ ನಡೆಸಲೆಂದು ಮಾರಿತು. ಅಗ್ಗ ಅಂತ ಕೃತಕ ಕೈ ಸಂಶೋಧಕರು ಅದಕ್ಕೇ ಮುಗಿಬಿದ್ದರು. 2018ರಲ್ಲಿ ಕಂಪನಿ ಅದರ ಮಾರಾಟ ನಿಲ್ಲಿಸಿತು. ಸಂಶೋಧಕರ ಗತಿ ಕೇಳೋರಿಲ್ಲ.

ಇಷ್ಟಾದರೂ ಆ ಕೈಗೆ ಸ್ಪರ್ಶ ಇಲ್ಲ. ಕಾಗದದ ಕಪ್ ಹಿಡಿದವನು ಕಣ್ಣಿಟ್ಟು ನೋಡಬೇಕು, ಮೋಟರಿನ ಸದ್ದಿನಿಂದ ಬಿಗಿತ ಅಂದಾಜು ಮಾಡಬೇಕು. ಅರ್ಧ ಕಿಲೋ ತೂಕ ತೋಳಿನ ತುದಿಯಲ್ಲಿ ನೇತಾಡುತ್ತೆ. ಬೇಸತ್ತು ಬೀರುವಿನಲ್ಲಿಟ್ಟು ಸಾದಾ ಕೊಂಡಿಗೇ ಮರಳುವವರೂ ಇದ್ದಾರೆ. ಬೆಲೆಯೋ, ಬೆರಳು ಬೇರೆ ಬೇರೆ ಆಡಿಸುವ ಕೈಗೆ ಹತ್ತಾರು ಸಾವಿರ ಯೂರೋ.

ಇಲ್ಲಿ ಸಂಬಳಕ್ಕಿರುವ ನಮ್ಮವರು ಒಂದು ವಿಷಯ ತಿಳಿದಿರಲಿ. ಜರ್ಮನಿಯ ಕೆಲಸದ ಅಪಘಾತ ವಿಮೆಗೆ 1884ರ ಕಾನೂನಿನ ಬೇರು ಇದೆ. ಅದರ ಕಂತು ಕಟ್ಟೋದು ಕಂಪನಿ, ನಮ್ಮ ಸಂಬಳದಿಂದ ಹಿಡಿಯೋದಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಅನ್ವಯ, ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಗೂ ಸೇರಿ. ಕೃತಕ ಅಂಗದ ಖರ್ಚೂ ಅದರಲ್ಲಿ ಬರುತ್ತೆ.

ನಮ್ಮ ದೇಶದಲ್ಲಿ ಇಎಸ್‌ಐ ಕಾನೂನು ಬಂದಿದ್ದು 1948ರಲ್ಲಿ, ರೈಟರ್ ಲೇಖನ ಅಚ್ಚಾದ ವರ್ಷವೇ. ಅಲ್ಲೂ ಕೃತಕ ಅಂಗ ಕೊಡ್ತಾರೆ. ಆದರೆ ನೋಂದಾಯಿತ ಕಾರ್ಖಾನೆ, ಅಂಗಡಿಗಳಲ್ಲಿ, 2017ರಿಂದ ತಿಂಗಳಿಗೆ 21,000 ರೂಪಾಯಿ ಒಳಗಿನ ಸಂಬಳದವರಿಗೆ. ಮಂಡ್ಯದ ಕಡೆ ಆಲೆಮನೆಯ ಗಾಣಕ್ಕೆ ಕಬ್ಬು ಕೊಡುವವನೋ, ಹಿತ್ತಲಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಹುಲ್ಲು ತುರುಕುವ ಹೆಂಗಸೋ ಆ ಪಟ್ಟಿಯಲ್ಲಿಲ್ಲ. ಅಂಥವರಿಗೆ ಸಿಗಬಹುದಾದದ್ದು ರೋಟರಿ ಶಿಬಿರಗಳಲ್ಲಿ ಪುಕ್ಕಟೆ ಕೊಡುವ ಎಲ್‌ಎನ್-4 ಎಂಬ ಪ್ಲಾಸ್ಟಿಕ್ ಕೈ. ಅದರಲ್ಲಿ ಬ್ಯಾಟರಿ ಇಲ್ಲ, ಸೆನ್ಸರ್ ಇಲ್ಲ. ಇನ್ನೊಂದು ಕೈಯಿಂದ ಬೆರಳನ್ನು ಅದುಮಿ ಹಿಡಿತ ಕೂರಿಸಬೇಕು, ಬಿಡಿಸಬೇಕಾದಾಗ ಗುಂಡಿ ಒತ್ತಬೇಕು.