ಸಣ್ಣ ರೈಲಿನ ದಾರಿ: ಯಲಹಂಕದಿಂದ ಬಂಗಾರಪೇಟೆಗೆ



ನಿಮ್ಮಲ್ಲಿ ಅನೇಕರು ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಪದೇಪದೇ ಹೋಗಿಬರುವವರು. ಹೆದ್ದಾರಿಯ ವಾಹನಸಂದಣಿಯಲ್ಲಿ ಸಿಲುಕಿ ಗಡಿಯಾರ ನೋಡಿಕೊಳ್ಳುವಾಗ, ಅಲ್ಲಿಂದ ಅನತಿದೂರದಲ್ಲಿಯೇ ಶತಮಾನ ಕಂಡ ರೈಲುಮಾರ್ಗವೊಂದು ಸಾಗುತ್ತದೆಂಬುದು ಎಷ್ಟು ಜನಕ್ಕೆ ಗೊತ್ತು? ಇಂದು ಅದರ ಮೇಲೆ ಓಡುವುದು ದೊಡ್ಡ ರೈಲು. ಆದರೆ ಆ ದಾರಿಯನ್ನು ಹಾಕಿದ್ದು ನಾವು ‘ಸಣ್ಣ ರೈಲು’ ಎಂದು ಕರೆಯುತ್ತಿದ್ದ ನ್ಯಾರೋ ಗೇಜ್ ಗಾಡಿಗಾಗಿ. ಅದರ ಚರಿತ್ರೆಯನ್ನು ಸಂಕ್ಷಿಪ್ತವಾಗಿ ಹೇಳಬೇಕೆಂಬುದು ನನ್ನ ಬಹುದಿನದ ಆಸೆ.

ಮೊದಲು ಗೇಜ್ ಎಂದರೇನು ಎಂಬುದನ್ನು ನೆನಪಿಸಿಕೊಳ್ಳೋಣ. ಎರಡು ಕಂಬಿಗಳ ನಡುವಿನ ಅಂತರವೇ ಗೇಜ್. ಬ್ರಾಡ್ ಗೇಜ್‌ನಲ್ಲಿ ಅದು 1676 ಮಿಲಿಮೀಟರ್, ಮೀಟರ್ ಗೇಜ್‌ನಲ್ಲಿ 1000, ನಮ್ಮ ಸಣ್ಣ ರೈಲಿಗೆ ಕೇವಲ 762, ಅಂದರೆ ಎರಡೂವರೆ ಅಡಿ. ಅಂತರ ಕಿರಿದಾದರೆ ಸೇತುವೆಗಳು ಚಿಕ್ಕವಾಗುತ್ತವೆ, ಕಂಬಿಗಳು ಹಗುರವಾಗುತ್ತವೆ, ಗುಡ್ಡ ಬಂದರೆ ಬಳಸಿಕೊಂಡು ಹೋಗುವುದು ಸುಲಭವಾಗುತ್ತದೆ. ಹಣ ಕಡಿಮೆ ಇದ್ದ ಕಾಲದಲ್ಲಿ ಊರುಗಳಿಗೆ ರೈಲು ತರಲು ಇದಕ್ಕಿಂತ ಸುಲಭವಾದ ಮಾರ್ಗವಿರಲಿಲ್ಲ.

ಆಗ ಬಂಗಾರಪೇಟೆಯ ಹೆಸರು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ನೆನಪಿನ ಹೆಸರದು. ಮದರಾಸಿನಿಂದ ಬರುವ ಬ್ರಾಡ್ ಗೇಜ್ ಮಾರ್ಗ ಅಲ್ಲಿ ಹಾದುಹೋಗುತ್ತಿತ್ತು. ಅಲ್ಲಿಂದ ಕೋಲಾರಕ್ಕೆ 18 ಕಿಲೋಮೀಟರ್ ಸಣ್ಣ ಹಳಿ ಬಂದದ್ದು 1913ರಲ್ಲಿ. ಇತ್ತ ಬೆಂಗಳೂರಿನ ಕಡೆಯಿಂದ ಯಲಹಂಕ, ದೇವನಹಳ್ಳಿಗಳ ಮೂಲಕ ಚಿಕ್ಕಬಳ್ಳಾಪುರದ ಲೈಟ್ ರೈಲ್ವೆ 1915ರಲ್ಲಿ ಆರಂಭವಾಯಿತು. ಮರುವರ್ಷವೇ ಕೋಲಾರದ ಹಳಿಯನ್ನು ಚಿಕ್ಕಬಳ್ಳಾಪುರದವರೆಗೆ ಬೆಳೆಸಿ ಎರಡನ್ನೂ ಕೂಡಿಸಿದರು. ಇವೆಲ್ಲವೂ ನಡೆದದ್ದು ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲಿ. ಅವರ ಹುಟ್ಟೂರಾದ ಮುದ್ದೇನಹಳ್ಳಿಯೂ ಈ ದಾರಿಗೆ ಸಮೀಪದಲ್ಲೇ ಇದೆ.

ಈಗ ಭೂಪಟ ತೆರೆದಿಟ್ಟುಕೊಂಡು ಈ ದಾರಿಯನ್ನು ಗಮನಿಸಿ. ಯಲಹಂಕದಿಂದ ಬಂಗಾರಪೇಟೆಗೆ ಒಟ್ಟು 149 ಕಿಲೋಮೀಟರ್. ಬೆಂಗಳೂರಿನಿಂದ ಕೋಲಾರಕ್ಕೆ ನೇರ ರಸ್ತೆಯಲ್ಲಿ ಸುಮಾರು 70 ಕಿಲೋಮೀಟರ್ ಆದರೆ, ಸಣ್ಣ ರೈಲು ಅದರ ಹತ್ತಿರ ಹತ್ತಿರ ಇಮ್ಮಡಿ ದೂರ ಸುತ್ತಿ ಅಲ್ಲಿಗೆ ಸೇರುತ್ತಿತ್ತು. ಇದನ್ನು ಕಂಡು ನಗುವವರಿದ್ದಾರೆ. ಆದರೆ ಸುತ್ತಿನಲ್ಲಿಯೇ ಅದರ ಅರ್ಥವಿದೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ, ಬಂಗಾರಪೇಟೆ: ಹೂಮಾಲೆ ಕಟ್ಟಿದಂತೆ ಆರು ತಾಲ್ಲೂಕು ಕೇಂದ್ರಗಳನ್ನು ಅದು ಒಂದೇ ದಾರದಲ್ಲಿ ಪೋಣಿಸಿತ್ತು. ಆ ತುದಿಯಿಂದ ಈ ತುದಿಗೆ ಪ್ರಯಾಣಿಸುವವರನ್ನು ನಂಬಿ ಹಾಕಿದ ಹಳಿ ಅದಲ್ಲ. ಒಂದೂರಿನಿಂದ ಪಕ್ಕದೂರಿಗೆ ಹೋಗುವವರ ಹಳಿ ಅದು. ‘ಉಪನಗರ ರೈಲು’ ಎಂಬ ಮಾತು ನಮ್ಮ ಕಡೆ ಬಳಕೆಗೆ ಬರುವ ಮೊದಲೇ ಆ ಕೆಲಸವನ್ನು ಅದು ಮಾಡುತ್ತಿತ್ತು.

ನನ್ನ ಬಾಲ್ಯದ 1960ರ ದಶಕದಲ್ಲಿ ಉಗಿ ಎಂಜಿನ್ನಿನ ಕಾಲ. ಶಿಡ್ಲಘಟ್ಟಕ್ಕೆ ರೇಷ್ಮೆಗೂಡಿನ ಮಂಕರಿಗಳು, ಕೋಲಾರದ ಕಚೇರಿಗೆ ಕಾಗದದ ಕಟ್ಟು ಕಂಕುಳಲ್ಲಿಟ್ಟ ಕಕ್ಷಿದಾರರು, ಬೇಸಗೆಯಲ್ಲಿ ಶ್ರೀನಿವಾಸಪುರದ ಮಾವಿನ ವಾಸನೆ, ಶಿವರಾತ್ರಿಗೆ ನಂದಿಯ ಭೋಗನಂದೀಶ್ವರನ ಜಾತ್ರೆಗೆ ಹೋಗುವವರ ನೂಕುನುಗ್ಗಲು. ಕಿಟಕಿಯಾಚೆ ತಲೆ ಹಾಕಿದವರ ಕಣ್ಣಿಗೆ ಕಲ್ಲಿದ್ದಲ ಚೂರು ಬೀಳುವುದು ಖಚಿತ. ನಮ್ಮ ತಾಯಿ ಸೆರಗಿನ ತುದಿಯನ್ನು ಬಾಯಿಯ ಹಬೆಯಿಂದ ಬೆಚ್ಚಗೆ ಮಾಡಿ ಕಣ್ಣಿಗೆ ಒತ್ತುತ್ತಿದ್ದರು. ಓಡುವ ಗಾಡಿಯಿಂದ ಇಳಿದು, ಹೊಲದಲ್ಲಿ ಕಡಲೆಗಿಡ ಕಿತ್ತುಕೊಂಡು ಮತ್ತೆ ಹತ್ತಬಹುದಿತ್ತೆಂದು ಹಿರಿಯರು ಹೇಳುತ್ತಿದ್ದರು. ಈ ಮಾತು ಎಲ್ಲ ಸಣ್ಣ ರೈಲುಗಳ ಬಗೆಗೂ ಇದೆ. ಹಾಗೆ ಮಾಡಿದವರನ್ನು ಮಾತ್ರ ನಾನು ಕಂಡಿಲ್ಲ!

ನೆನಪು ಸಿಹಿಯಾಗಿದೆಯೆಂದು ಚರಿತ್ರೆಯನ್ನು ಸಿಹಿ ಮಾಡಲಾಗದು. ಈ ರೈಲು ಸೊರಗಲು ಕಾರಣ ಅದರ ಹುಟ್ಟಿನಲ್ಲಿಯೇ ಇತ್ತು. ಯಲಹಂಕದಲ್ಲಿ ಮೀಟರ್ ಗೇಜ್, ಬಂಗಾರಪೇಟೆಯಲ್ಲಿ ಬ್ರಾಡ್ ಗೇಜ್, ನಡುವೆ ನ್ಯಾರೋ ಗೇಜ್. ಚಿಂತಾಮಣಿಯಲ್ಲಿ ಹೇರಿದ ಮೂಟೆ ದೂರದ ಊರಿಗೆ ಹೋಗಬೇಕಾದರೆ ತುದಿಯ ನಿಲ್ದಾಣದಲ್ಲಿ ಹಮಾಲರು ಅದನ್ನು ಇಳಿಸಿ ಇನ್ನೊಂದು ಗಾಡಿಗೆ ಹೇರಬೇಕಿತ್ತು. ಲಾರಿ ಬಂದ ಮೇಲೆ ಅದೇ ಮೂಟೆ ಮಂಡಿಯಿಂದ ಮಂಡಿಗೆ ಒಂದೇ ಹೇರಿಕೆಯಲ್ಲಿ ತಲುಪಿತು. ಬಸ್ಸುಗಳು ಹೆಚ್ಚಿದಂತೆ ಪ್ರಯಾಣಿಕರೂ ಅತ್ತ ಸರಿದರು. ಅವರನ್ನು ತಪ್ಪಿತಸ್ಥರೆನ್ನಲಾಗದು. ಅವಸರವಿದ್ದವರು ಬೇಗ ತಲುಪುವ ದಾರಿಯನ್ನು ಹಿಡಿದರು, ಅಷ್ಟೆ.

1992ರಲ್ಲಿ ಭಾರತೀಯ ರೈಲ್ವೆ ‘ಏಕ ಗೇಜ್’ ಯೋಜನೆಯನ್ನು ಕೈಗೆತ್ತಿಕೊಂಡಿತು. ಆಗ ರೈಲ್ವೆ ಸಚಿವರಾಗಿದ್ದವರು ನಮ್ಮ ರಾಜ್ಯದವರೇ ಆದ ಸಿ. ಕೆ. ಜಾಫರ್ ಷರೀಫ್. ಆ ದಶಕದಲ್ಲಿಯೇ ಯಲಹಂಕ–ಚಿಕ್ಕಬಳ್ಳಾಪುರ ಮತ್ತು ಕೋಲಾರ–ಬಂಗಾರಪೇಟೆ ಭಾಗಗಳು ಬ್ರಾಡ್ ಗೇಜ್ ಆದವು. ಎರಡು ತುದಿಗಳು ಅಗಲವಾಗಿ, ಚಿಕ್ಕಬಳ್ಳಾಪುರ–ಕೋಲಾರದ ನಡುವಿನ ಸುಮಾರು 85 ಕಿಲೋಮೀಟರ್ ಮಾತ್ರ 2013ರವರೆಗೆ ಕಾಯಬೇಕಾಯಿತು. ಬಂಗಾರಪೇಟೆ–ಕೋಲಾರದ ನಡುವೆ ಕೆಲವು ಕಾಲ ಬಸ್ಸಿನಂತಹ ‘ರೈಲ್ ಬಸ್’ ಓಡಿದ್ದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು.

ಹಾಗಾದರೆ ನಾವು ಕಳೆದುಕೊಂಡದ್ದೇನು, ಉಳಿಸಿಕೊಂಡದ್ದೇನು? ಇದನ್ನು ತಿಳಿಯಲು ಮುಂಬಯಿಯ ಒಂದು ಉದಾಹರಣೆ ನೆರವಾಗುತ್ತದೆ. ಅಲ್ಲಿ ನೆಲೆಸಿರುವ ನಮ್ಮ ಬಂಧುಗಳಿಗೂ ಇದು ಹೊಸ ಸಂಗತಿಯಾಗಿರಬಹುದು. 1928ರಲ್ಲಿ ಅಂಧೇರಿಯಿಂದ ಕುರ್ಲಾ ಮೂಲಕ ಟ್ರಾಂಬೆಗೆ 13 ಕಿಲೋಮೀಟರಿನ ಒಂದು ಉಪನಗರ ರೈಲುಮಾರ್ಗವಿತ್ತು. ಆರೇ ವರ್ಷಗಳಲ್ಲಿ, 1934ರಲ್ಲಿ, ಅದನ್ನು ಕಿತ್ತುಹಾಕಿದರು. ಸಾಂತಾಕ್ರೂಜ್ ವಿಮಾನ ನಿಲ್ದಾಣಕ್ಕಾಗಿ ದಾರಿಯ ನೆಲವೂ ಹೋಯಿತು. ಆ ನಗರದ ಪಶ್ಚಿಮ ಮತ್ತು ಪೂರ್ವ ಉಪನಗರಗಳನ್ನು ಅಡ್ಡಲಾಗಿ ಬೆಸೆಯುವ ಮೆಟ್ರೋ ಅಂಧೇರಿಗೆ ಬಂದದ್ದು 2014ರಲ್ಲಿ, ಎಂಬತ್ತು ವರ್ಷಗಳ ತರುವಾಯ, ಕಂಬಗಳನ್ನೆತ್ತಿ ಅವುಗಳ ಮೇಲೆ.

ನಮ್ಮಲ್ಲಿ ಗಾಡಿ ಹೋಯಿತು, ದಾರಿ ಉಳಿಯಿತು. ವಿಮಾನ ನಿಲ್ದಾಣವೇ 2008ರಲ್ಲಿ ಹಳಿಯ ಪಕ್ಕಕ್ಕೆ ಬಂದಿತು. ಆದರೂ ಅದಕ್ಕಾಗಿ ಹಳಿಯ ಬದಿಯಲ್ಲಿ ಒಂದು ಪುಟ್ಟ ನಿಲುಗಡೆ ಸಿದ್ಧವಾಗಲು 2021 ಬರಬೇಕಾಯಿತು. ಕೈಯಲ್ಲಿದ್ದುದನ್ನು ಕಾಣದಿರುವ ಗುಣಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕೆ?

ಬೆಂಗಳೂರಿನ ಉಪನಗರ ರೈಲು ಯೋಜನೆಗೆ ಕೇಂದ್ರ ಸಚಿವ ಸಂಪುಟ 2020ರಲ್ಲಿ ಒಪ್ಪಿಗೆ ನೀಡಿತು. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಯಿತು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ನಾಲ್ಕು ಮಾರ್ಗಗಳು. ಒಟ್ಟು 148 ಕಿಲೋಮೀಟರ್, ನಮ್ಮ ಸಣ್ಣ ರೈಲಿಗಿಂತ ಒಂದೇ ಒಂದು ಕಡಿಮೆ! ಬೆಂಗಳೂರಿನಿಂದ ದೇವನಹಳ್ಳಿಗೆ ಹೋಗಬೇಕಾದ ಸಂಪಿಗೆ ಮಾರ್ಗ ಯಲಹಂಕದಾಚೆ ಬಹುಮಟ್ಟಿಗೆ ಹಿರಿಯರು ಹಾಕಿಕೊಟ್ಟ ಜಾಡನ್ನೇ ಹಿಡಿಯುತ್ತದೆ. ಆದರೆ ಕಾಮಗಾರಿಗೆ ಮೊದಲು ಕೈಗೆತ್ತಿಕೊಂಡದ್ದು ಮಲ್ಲಿಗೆ ಮತ್ತು ಕನಕ ಮಾರ್ಗಗಳನ್ನು.

ಹಳೆಯ ಗಾಡಿ ಮರಳಿ ಬರಲಿ ಎಂದು ನಾನು ಬಯಸುವುದಿಲ್ಲ. ಕಣ್ಣಿಗೆ ಬಿದ್ದ ಕಲ್ಲಿದ್ದಲು ನನಗಿನ್ನೂ ನೆನಪಿದೆ. ನಾನು ಬಯಸುವುದು ಇಷ್ಟೇ: ಚಿಂತಾಮಣಿಯ ಹುಡುಗಿಯೊಬ್ಬಳು ಬೆಳಿಗ್ಗೆ ಪಕ್ಕದ ತಾಲ್ಲೂಕಿನ ಕಾಲೇಜಿಗೆ ಹೋಗಿ ಸಂಜೆಗೆ ಮನೆ ಸೇರಲು ಹೊಂದುವ ಹೊತ್ತಿನಲ್ಲಿ ಗಾಡಿಗಳಿರಲಿ. ಹಳಿ ಅಗಲವಾದರೆ ಸಾಲದು, ಅದು ಹಾದುಹೋಗುವ ಊರುಗಳಿಗೆ ದಕ್ಕಬೇಕು.

ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ಗಳ ಹಳೆಯ ನಿಲ್ದಾಣದ ಕಟ್ಟಡಗಳನ್ನು ಈಚಿನ ವರ್ಷಗಳಲ್ಲಿ ಇಂಟ್ಯಾಕ್ ಸಂಸ್ಥೆಯ ಆಸ್ಥೆಯಿಂದ ದುರಸ್ತಿಗೊಳಿಸಲಾಗಿದೆ. ಬಿಡುವಾದಾಗ ಮಕ್ಕಳನ್ನು ಕರೆದೊಯ್ದು ತೋರಿಸಿರಿ. ಹೋಗುವುದಾದರೆ ದಯವಿಟ್ಟು ಕಾರನ್ನು ಮನೆಯಲ್ಲಿಯೇ ಬಿಟ್ಟು, ಟಿಕೆಟು ಕೊಂಡು ರೈಲಿನಲ್ಲೇ ಹೋಗಿರಿ. ಹತ್ತುವವರಿದ್ದರೆ ತಾನೆ ಗಾಡಿ ನಿಲ್ಲುವುದು!